ದಿವಾಳಿಗೂ ಬೇಕು ಎಂಟಾಣೆ

ದೊಡ್ಡಬಳ್ಳಾಪುರದ ಮಗ್ಗದ ಮನೆಯೊಂದರ ಸಾಲವನ್ನು ಕಾಗದಕ್ಕೆ ಇಳಿಸಲು ಕೂತರೆ ಮೊದಲ ಎರಡು ಸಾಲು ಸಲೀಸು. ಬ್ಯಾಂಕಿನ ಸಾಲಕ್ಕೆ ಪಾಸ್‌ಬುಕ್ ಇದೆ, ಒಡವೆ ಸಾಲಕ್ಕೆ ರಸೀದಿ ಇದೆ. ಅಲ್ಲಿಂದಾಚೆಗೆ ಪೆನ್ನು ಓಡುವುದಿಲ್ಲ. ನೂಲಿನ ಅಂಗಡಿಯ ಬಾಕಿ, ಸೀರೆ ಕೊಳ್ಳುವ ಮಾಲೀಕರಿಂದ ತಂದ ಮುಂಗಡ, ಹೆಂಡತಿ ಹೆಸರಲ್ಲಿರುವ ಸಂಘದ ಸಾಲ, ಮೊದಲೇ ಎತ್ತಿಕೊಂಡ ಚೀಟಿಯ ಉಳಿದ ಕಂತು, ಭಾವಮೈದ ಕೊಟ್ಟ ಕೈಸಾಲ. ಕೆಲವಕ್ಕೆ ಪ್ರೊನೋಟು ಇದೆ, ಕೆಲವಕ್ಕೆ ಸಹಿ ಮಾಡಿದ ಖಾಲಿ ಚೆಕ್ಕು, ಕೆಲವಕ್ಕೆ ಬರೀ ಮಾತು.

ದಿವಾಳಿ ಅರ್ಜಿ ಹಾಕಬೇಕೆಂದರೆ ಮುಖ್ಯವಾಗಿ ಬೇಕಾದದ್ದು ಈ ಪಟ್ಟಿಯೇ. ಯಾರಿಗೆ ಎಷ್ಟು ಕೊಡಬೇಕು, ಅವರು ಎಲ್ಲಿದ್ದಾರೆ, ತನ್ನ ಬಳಿ ಏನಿದೆ, ಅದರ ಬೆಲೆಯೆಷ್ಟು, ಅದು ಎಲ್ಲಿದೆ, ಹಿಂದೆ ಎಂದಾದರೂ ಇಂಥ ಅರ್ಜಿ ಹಾಕಿದ್ದುಂಟೆ ಎಂಬುದೆಲ್ಲವನ್ನೂ ಬರೆದು, ಆಸ್ತಿಯನ್ನು ಕೋರ್ಟಿನ ವಶಕ್ಕೆ ಒಪ್ಪಿಸಲು ಸಿದ್ಧನಿದ್ದೇನೆ ಎಂದು ಘೋಷಿಸಬೇಕು. ಹೀಗೆ ಕೇಳುವ ಕಾಯ್ದೆ ಹುಟ್ಟಿದ್ದು 1920ರಲ್ಲಿ.

ಜೈಲಿನಿಂದ ಹುಟ್ಟಿದ ಕಾಯ್ದೆ

ಸಾಲ ತೀರಿಸದವನನ್ನು ಸಿವಿಲ್ ಜೈಲಿಗೆ ಹಾಕಿಸುವುದು ಬ್ರಿಟಿಷ್ ಕಾಲದಲ್ಲಿ ಸಾಮಾನ್ಯ ವಸೂಲಿ ಕ್ರಮವಾಗಿತ್ತು. ಇದ್ದದ್ದನ್ನೆಲ್ಲ ಒಪ್ಪಿಸಿ ಕೈಯೆತ್ತಿದವನಿಗೆ ಜೈಲು ತಪ್ಪಿಸುವ ದಾರಿಯನ್ನು 1828ರ ಕಾನೂನು ತೆರೆಯಿತು. ಅದು ಕಲ್ಕತ್ತ, ಮದ್ರಾಸು, ಬೊಂಬಾಯಿ ನಗರಗಳಿಗೆ ಮಾತ್ರ. ಉಳಿದ ಊರುಗಳಿಗೆಂದು 1907ರಲ್ಲಿ ಪ್ರಾಂತೀಯ ದಿವಾಳಿ ಕಾಯ್ದೆ ಬಂತು. ಅದನ್ನು ತಿದ್ದಿ ಬರೆದದ್ದೇ 1920ರ ಕಾಯ್ದೆ. ಮುಂದೆ ಅದು ಹಳೆ ಮೈಸೂರು ಸೀಮೆಗೂ ವಿಸ್ತರಿಸಿತು.

ಕನಿಷ್ಠ ₹500 ಸಾಲವಿದ್ದು ತೀರಿಸಲಾಗದವನು ಅರ್ಜಿ ಹಾಕಬಹುದು ಎಂದು ಅದರ ಮೂಲ ಪಠ್ಯ ಹೇಳುತ್ತದೆ. ಇಂದು ಆ ದುಡ್ಡಿಗೆ ದೊಡ್ಡಬಳ್ಳಾಪುರದಲ್ಲೂ ಒಳ್ಳೆ ರೇಷ್ಮೆ ಸೀರೆ ಬಾರದು.

ಕೋರ್ಟು ದಿವಾಳಿ ಎಂದು ಘೋಷಿಸಿದರೆ ಆಸ್ತಿ ಕೋರ್ಟಿನ ಅಥವಾ ಅದು ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಆದರೆ ಎಲ್ಲವೂ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಜಪ್ತಿ ಮಾಡಬಾರದ ವಸ್ತುಗಳನ್ನು ಹೆಸರಿಸುತ್ತದೆ: ಮೈಮೇಲಿನ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ಉಳುಮೆಯ ದನ, ಬಿತ್ತನೆ ಬೀಜ. ಧಾರ್ಮಿಕ ಪದ್ಧತಿಯಂತೆ ಹೆಣ್ಣುಮಗಳು ಮೈಯಿಂದ ತೆಗೆಯಬಾರದ ಒಡವೆಯನ್ನೂ, ಎಂದರೆ ತಾಳಿಯನ್ನು, ಅಮೀನ ಮುಟ್ಟುವಂತಿಲ್ಲ.

ಬಿಡುಗಡೆಯ ಕಷ್ಟ

ಘೋಷಣೆಯಾದ ಮಾತ್ರಕ್ಕೆ ಋಣ ಹರಿಯಿತೆಂದು ತಿಳಿಯುವವರೇ ಹೆಚ್ಚು. ಅದು ಅರ್ಧ ದಾರಿ. ಕೋರ್ಟು ಗೊತ್ತುಮಾಡಿದ ಅವಧಿಯೊಳಗೆ ಬಿಡುಗಡೆಗೆ ಮತ್ತೊಂದು ಅರ್ಜಿ ಹಾಕದಿದ್ದರೆ ಘೋಷಣೆಯೇ ರದ್ದಾಗುತ್ತದೆ, ಬಂಧನದಿಂದ ಸಿಕ್ಕ ರಕ್ಷಣೆಯೂ ಹೋಗುತ್ತದೆ. ಆಸ್ತಿಯ ಮೌಲ್ಯ ಅಡಮಾನವಿಲ್ಲದ ಸಾಲದ ರೂಪಾಯಿಗೆ ಎಂಟಾಣೆಯಷ್ಟಾದರೂ ಇರಬೇಕು. ಇಲ್ಲದಿದ್ದರೆ ಪೂರ್ಣ ಬಿಡುಗಡೆ ಇಲ್ಲ. ತನ್ನ ತಪ್ಪಿನಿಂದ ಹಾಗಾಗಲಿಲ್ಲ ಎಂದು ಸಾಬೀತು ಮಾಡಿದರೆ ಮಾತ್ರ ವಿನಾಯಿತಿ. 2020ರ ಲಾಕ್‌ಡೌನ್‌ನಲ್ಲಿ ಮಗ್ಗ ನಿಂತವನು ಈ ವಾದ ಹೂಡಬಹುದು. ಆದರೆ ಹಿಂದಿನ 3 ವರ್ಷ ವ್ಯಾಪಾರಕ್ಕೆ ತಕ್ಕ ಲೆಕ್ಕದ ಪುಸ್ತಕ ಇಟ್ಟಿಲ್ಲದಿದ್ದರೆ ಅದೂ ಅಡ್ಡ ಬರುತ್ತದೆ.

ಅರ್ಜಿಗೆ ಮುಂಚೆ ಜಮೀನನ್ನು ಹೆಂಡತಿ ಹೆಸರಿಗೆ ದಾನಪತ್ರ ಮಾಡಿಸುವ ಉಪಾಯವನ್ನೂ ಕಾಯ್ದೆ ಬಲ್ಲದು. ಘೋಷಣೆಗೆ ಕಾರಣವಾದ ಅರ್ಜಿಯ ಹಿಂದಿನ 2 ವರ್ಷದೊಳಗೆ ಹಾಗೆ ಬರೆದುಕೊಟ್ಟದ್ದನ್ನು ಕೋರ್ಟು ರದ್ದುಮಾಡಬಹುದು. ಒಬ್ಬನಿಗಷ್ಟೇ ಗುಟ್ಟಾಗಿ ಸಾಲ ತೀರಿಸಿ ಉಳಿದವರಿಗೆ ಕೈಕೊಟ್ಟಿದ್ದರೆ 3 ತಿಂಗಳ ಹಿಂದಿನವರೆಗೂ ಕೆದಕಬಹುದು. ಒಡವೆ ಸಾಲ, ಮನೆ ಸಾಲ ಕೊಟ್ಟ ಬ್ಯಾಂಕು ಅಡಮಾನದ ಮೇಲಿನ ಹಕ್ಕನ್ನು ಬಿಡಬೇಕಿಲ್ಲ. ಚೆಕ್ ಬೌನ್ಸ್ ಕೇಸು ತಾನಾಗಿ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಇಕ್ಕಟ್ಟಿನದು ಜಾಮೀನಿನ ಮಾತು. ಸಾಲ ಮಾಡಿದವನಿಗೆ ಬಿಡುಗಡೆ ಸಿಕ್ಕರೂ ಜಾಮೀನು ಹಾಕಿದವನಿಗೆ, ಜೊತೆಯಲ್ಲಿ ಹೊಣೆ ಹೊತ್ತವರಿಗೆ ಸಿಗುವುದಿಲ್ಲ. ಗುಂಪಿನ ಹೊಣೆಯ ಮೇಲೆ ಸಾಲ ಎತ್ತಿದ ಮನೆಯಲ್ಲಿ ಒಬ್ಬರು ಕೋರ್ಟಿಗೆ ಹೋದರೆ ಹೊರೆ ನೆರೆಮನೆಯ ಹೆಂಗಸರ ತಲೆಗೆ ಬೀಳುತ್ತದೆ. ಜೊತೆಗೆ ‘ಪಾಪರ್ ಆದ’ ಎಂಬ ಮಾತು ಮಗಳ ಮದುವೆಯವರೆಗೂ ಬೆನ್ನು ಬಿಡದು. ಹೀಗಾಗಿ ಊರು ಬಿಡುವವರಿದ್ದಾರೆ, ಅರ್ಜಿ ಹಾಕುವವರು ಅಪರೂಪ.

ದೇವನಹಳ್ಳಿ, ಹೊಸಕೋಟೆ ಕಡೆಯ ಕಥೆ ಬೇರೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ನೆಲದ ಬೆಲೆ ಏರಿತು. ಅಲ್ಲಿ ಪಿತ್ರಾರ್ಜಿತ ಗುಂಟೆಗಳಿದ್ದವನು ಮಾರಿ ಸಾಲ ತೀರಿಸುತ್ತಾನೆ. ದಿವಾಳಿ ಕಾಯ್ದೆಯ ಅಗತ್ಯ ನೆಲವಿಲ್ಲದವನಿಗೆ.

ಮನ್ನಾ ಮಾಡಿದ ಸರ್ಕಾರಗಳು

ಈ ಬಾಗಿಲು ಇಷ್ಟು ಕಿರಿದಾದ್ದರಿಂದಲೇ ಸರ್ಕಾರಗಳು ಬೇರೆ ಬಾಗಿಲು ತೆರೆಯುತ್ತ ಬಂದವು. ಮೈಸೂರು ಸಂಸ್ಥಾನ 1928ರಲ್ಲಿ ಕೃಷಿಕರ ಪರಿಹಾರ ಕಾಯ್ದೆ ತಂದಿತು. ದೇವರಾಜ ಅರಸು ಕಾಲದಲ್ಲಿ 1976ರ ಋಣ ಪರಿಹಾರ ಕಾಯ್ದೆ ಬಂತು. 2019ರ ಜುಲೈನಲ್ಲಿ ವಿಶ್ವಾಸಮತ ಸೋತ ಮರುದಿನ ಎಚ್.ಡಿ. ಕುಮಾರಸ್ವಾಮಿ ಇನ್ನೊಂದು ಋಣ ಪರಿಹಾರ ಕಾಯ್ದೆ ಜಾರಿಯಾದದ್ದನ್ನು ಪ್ರಕಟಿಸಿದರು. ವಾರ್ಷಿಕ ಆದಾಯ ₹1.20 ಲಕ್ಷ ಮೀರದ ದುರ್ಬಲ ವರ್ಗದವರು ಖಾಸಗಿ ಲೇವಾದೇವಿಯ ಸಾಲದ ಬಗ್ಗೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕಿತ್ತು. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ಸುದ್ದಿಯಾದಾಗ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಟಿತು. ಅದರಡಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು.

ಇವೆಲ್ಲ ಆಯಾ ಕಾಲದ ಕೂಗಿಗೆ ಕೊಟ್ಟ ಉತ್ತರ. ಯಾವ ಸಾಲ ಹರಿಯಬೇಕೆಂದು ತೀರ್ಮಾನಿಸಿದ್ದು ಸರ್ಕಾರ. ‘ನನ್ನಿಂದ ಆಗುವುದಿಲ್ಲ, ಇಗೋ ಲೆಕ್ಕ’ ಎಂದು ಸಾಲ ಮಾಡಿದವನೇ ಯಾವಾಗ ಬೇಕಾದರೂ ಹೋಗಿ ಹೇಳುವ ಹಕ್ಕು ದಿವಾಳಿ ಕಾಯ್ದೆಯಲ್ಲಿ ಮಾತ್ರ ಇದೆ. ಆ ಹಕ್ಕೇ ಶತಮಾನ ಹಳೆಯದಾಗಿ ಕೂತಿದೆ.

2016ರ ದಿವಾಳಿ ಸಂಹಿತೆ ಕಂಪನಿಗಳಿಗೆ 330 ದಿನಗಳ ಗಡುವು ಕೊಟ್ಟಿದೆ. ಕಂಪನಿಯ ಸಾಲಕ್ಕೆ ಸ್ವಂತ ಜಾಮೀನು ಹಾಕಿದ ಮಾಲೀಕರಿಗೂ ಅದು 2019ರ ಡಿಸೆಂಬರ್ 1ರಿಂದ ಅನ್ವಯಿಸುತ್ತದೆ. ದಾಬಸ್‌ಪೇಟೆಯ ಕಾರ್ಖಾನೆದಾರ ಆ ಲೆಕ್ಕದಲ್ಲಿ ಹೊಸ ಕಾನೂನಿಗೆ ಸೇರಿದವನು, ದೊಡ್ಡಬಳ್ಳಾಪುರದ ನೇಕಾರ 1920ಕ್ಕೆ. ವರ್ಷಕ್ಕೆ ₹60,000 ಆದಾಯ, ₹20,000 ಆಸ್ತಿ, ₹35,000 ಸಾಲ ಮೀರದ, ಸ್ವಂತ ಮನೆಯಿಲ್ಲದ ಬಡವನಿಗೆ ಹೊಸದಾಗಿ ಬದುಕು ಶುರುಮಾಡುವ ಅವಕಾಶ ಅದೇ ಸಂಹಿತೆಯಲ್ಲಿ ಅಚ್ಚಾಗಿದೆ, ಜಾರಿಗೆ ಬಂದಿಲ್ಲ. ಬಂದರೂ ಆ ಮಿತಿಯೊಳಗೆ ಒಂದೆರಡು ಸಂಘದ ಸಾಲವೂ ಹಿಡಿಸದು. ವಿಜಯ್ ಮಲ್ಯ ಅವರನ್ನು 2021ರ ಜುಲೈನಲ್ಲಿ ದಿವಾಳಿ ಎಂದು ಘೋಷಿಸಿದ ಇಂಗ್ಲೆಂಡಿನಲ್ಲಿ ಸಾಮಾನ್ಯ ದಿವಾಳಿದಾರನಿಗೆ ಒಂದು ವರ್ಷಕ್ಕೆ ಬಿಡುಗಡೆ.

ಹೊಸ ಸಂಹಿತೆ ನೇಕಾರನಿಗೂ ಜಾರಿಯಾಗುವವರೆಗೆ ಹಾಕುವ ಅರ್ಜಿ ಹಳೆಯ ಕಾಯ್ದೆಯದೇ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ವಕೀಲರ ಮುಂದೆ ಕೂತಾಗ ಒಂದು ಕೈಸಾಲವನ್ನೂ ಮುಚ್ಚಿಡಬಾರದು. ಪಟ್ಟಿಗೆ ಸೇರದ ಸಾಲದವನಿಗೆ ಕೋರ್ಟಿನ ನೋಟಿಸು ಹೋಗುವುದಿಲ್ಲ. ಅವನು ನೇರ ಮನೆಗೇ ಬರುತ್ತಾನೆ.