ತಬ್ಬಲಿ ಬೆಕ್ಕಿನ ಮರಿಗಳಿಗೆ ಲಸಿಕೆ

ತೊಣ್ಣೂರು ಕೆರೆಯ ಅಚ್ಚುಕಟ್ಟಿನ ಗ್ರಾಮಗಳಲ್ಲಿ ಭತ್ತ ರಾಗಿಗಳ ಕಣಜವನ್ನು ಇಲಿಗಳಿಂದ ಕಾಯುವುದಕ್ಕೆ ಬೆಕ್ಕು ಬಹಳ ಉಪಯುಕ್ತವಾದುದು. ತಾಯಿ ಸತ್ತ ಮರಿಗಳನ್ನು ಮನೆಯ ಮಕ್ಕಳು ಕೈಹಾಲು ಹಾಕಿ ಸಾಕುವುದುಂಟು. ಇಂಥ ಮರಿಗಳಿಗೆ ಲಸಿಕೆಯ ಕಾಲವನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಹುಟ್ಟಿದ ದಿನ ಕುಡಿದ ತಾಯಿಯ ಗಿಣ್ಣುಹಾಲು ಮರಿಯನ್ನು ಕೆಲವು ವಾರ ರೋಗಗಳಿಂದ ಕಾಯುವುದು. ಆದರೆ ಅದೇ ಶಕ್ತಿಯು ಲಸಿಕೆಯ ಗುಣವನ್ನೂ ತಡೆಯುವುದು. ಆದಕಾರಣ 6-8 ವಾರಗಳಲ್ಲಿ ಲಸಿಕೆಯನ್ನಾರಂಭಿಸಿ, 16 ವಾರ ತುಂಬುವವರೆಗೆ 3-4 ವಾರಗಳಿಗೊಮ್ಮೆ ಪುನಃ ಹಾಕಿಸುವರು. ಗಿಣ್ಣುಹಾಲನ್ನೇ ಕಾಣದ ತಬ್ಬಲಿಗೆ ಈ ರಕ್ಷಣೆಯಿಲ್ಲ. ವಾಂತಿಭೇದಿಯಿಂದ ಕೊಲ್ಲುವ ಪ್ಯಾನ್‌ಲ್ಯೂಕೋಪೀನಿಯ ರೋಗವು ಅದಕ್ಕೆ ಬೇಗ ತಗಲಬಹುದು. ಅದಕ್ಕೆ ಪಶುವೈದ್ಯರ ಸಲಹೆಯಂತೆ ಮೊದಲೇ ಆರಂಭಿಸಬಹುದು; ಆದರೆ 4 ವಾರಕ್ಕೆ ಮುಂಚೆ ಜೀವಂತ ಲಸಿಕೆಯನ್ನು ಹಾಕಿಸಕೂಡದು, ಮಿದುಳಿಗೆ ಹಾನಿಯಾದೀತು. ಮುಂದಿನ ಹಲ್ಲುಗಳು ಮೂಡುತ್ತಿದ್ದರೆ ಮರಿಗೆ ಸುಮಾರು 3 ವಾರವೆಂದು ತಿಳಿಯಬಹುದು.

ರೇಬೀಸ್ ಲಸಿಕೆಯನ್ನು 12 ವಾರ ತುಂಬಿದ ಮೇಲೆ ಹಾಕಿಸಿ, ವರ್ಷದ ನಂತರ ಪುನಃ ಹಾಕಿಸತಕ್ಕದ್ದು. ಮರಿಯು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಸುಣ್ಣ ಅರಿಶಿನ ಹಚ್ಚಿ ಕಾಲ ಕಳೆಯಬಾರದು. ರೋಗಲಕ್ಷಣಗಳು ತೋರಿದ ಮೇಲೆ ಪ್ರಾಣವುಳಿಯುವುದು ಅತಿ ದುರ್ಲಭ. ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಮನೆಮನೆಗೂ ತಿಳಿಯಪಡಿಸುವುದು ಅವಶ್ಯಕ.