ಆಟಿಯನ್ನು ಊರಿನಿಂದ ತರಬೇಕಿಲ್ಲ

ಜುಲೈ ಮಧ್ಯಭಾಗ ಬಂತೆಂದರೆ ಥಾಣೆ, ಡೊಂಬಿವಲಿ, ನವಿ ಮುಂಬಯಿಯ ನಮ್ಮ ಸಭಾಗೃಹಗಳು 'ಆಟಿಡೊಂಜಿ ದಿನ'ಕ್ಕೆ ಸಜ್ಜಾಗುತ್ತವೆ. ಪತ್ರೊಡೆ, ಕಣಿಲೆ ಪಲ್ಯ, ಹಲಸಿನ ಬೀಜದ ಗಸಿ, ಉಪ್ಪಡ್ ಪಚ್ಚಿಲ್, ಬಾಳೆಲೆಯಲ್ಲಿ ಜಾಗ ಸಾಲದಷ್ಟು ಬಗೆ. ವೇದಿಕೆಯಲ್ಲಿ ಆಟಿ ಕಳೆಂಜ ಕುಣಿಯುತ್ತಾನೆ, ಮಕ್ಕಳು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ಇದೆಲ್ಲ ಬೇಕು, ಬೇಡವೆನ್ನಲು ನಾನಾರು? ಆದರೆ ಹಸಿವಿನ ತಿಂಗಳು ಹಬ್ಬದೂಟವಾದಾಗ ಅದರೊಳಗಿದ್ದ ದೇವರು ಎಲ್ಲಿಗೆ ಹೋದ ಎಂದು ಒಮ್ಮೆಯಾದರೂ ಕೇಳಿಕೊಳ್ಳಬೇಕು.

ಕರ್ಕಾಟಕ ಸಂಕ್ರಮಣದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತುಳುನಾಡಿಗೆ ಕಷ್ಟದ ಕಾಲವಾಗಿತ್ತು. ನಾಟಿ ಮುಗಿದು ಗದ್ದೆಯಲ್ಲಿ ಕೆಲಸವಿಲ್ಲ, ಕಡಲಿಗೆ ಇಳಿಯುವಂತಿಲ್ಲ, ಕೂಡಿಟ್ಟ ಅಕ್ಕಿ ತಳ ಕಂಡಿದೆ, ಜ್ವರ ಮನೆಮನೆ ಸುತ್ತುತ್ತಿದೆ. ಪತ್ತನಾಜೆಗೇ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ಕೋಲವಿಲ್ಲ, ನೇಮವಿಲ್ಲ, ಮದುವೆಯಿಲ್ಲ. ಇಂಥ ತಿಂಗಳಲ್ಲಿ ನಮ್ಮ ಹಿರಿಯರಿಗೆ ಭಕ್ತಿಯೆಂದರೆ ಋತು ಕೊಟ್ಟದ್ದನ್ನು, ಕೊಟ್ಟಷ್ಟನ್ನು ಕೈಚಾಚಿ ತೆಗೆದುಕೊಳ್ಳುವುದು. ಬೇಲಿಯ ಸೊಪ್ಪೂ ಅವರಿಗೆ ಪ್ರಸಾದವೇ.

ಆಟಿ ಅಮಾವಾಸ್ಯೆಯ ಕಷಾಯವನ್ನೇ ನೋಡಿ. ಹಿಂದಿನ ದಿನವೇ ಪಾಲೆ ಮರವನ್ನು ಗುರುತು ಮಾಡಿಟ್ಟು, ನಸುಕಿನ ಕತ್ತಲಲ್ಲಿ ಹೋಗಿ, ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದಲೇ ಜಜ್ಜಿ ತೊಗಟೆ ತೆಗೆಯುವುದು ಕ್ರಮ. ಅರೆದು ರಸ ಹಿಂಡಿ, ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಬರಿಹೊಟ್ಟೆಗೆ ಕುಡಿಯಬೇಕು. ಆ ಕಹಿ ಕುಡಿದವರಿಗೇ ಗೊತ್ತು! ಉಷ್ಣ ಇಳಿಯಲೆಂದು ಆಮೇಲೆ ಮೆಂತೆ ಗಂಜಿ. ಔಷಧಿಯೆಂದು ಮಾತ್ರ ಇದನ್ನು ಓದಿದರೆ ಅರ್ಧ ತಪ್ಪಿಹೋಗುತ್ತದೆ. ಮನೆಯ ಯಜಮಾನನಿಂದ ಮಗುವಿನವರೆಗೆ ಎಲ್ಲರೂ ಒಂದೇ ಬೆಳಗ್ಗೆ ಒಂದೇ ಕಹಿಯನ್ನು ನುಂಗುವ ವ್ರತವದು.

ಸಾಮಾನ್ಯವಾಗಿ ಅದೇ ದಿನ ಇಲ್ಲಿ ಪಕ್ಕದ ಮನೆಯ ಮರಾಠಿ ವಹಿನಿ ದೀಪ ಅಮಾವಾಸ್ಯೆಗೆಂದು ಮನೆಯಲ್ಲಿರುವ ದೀಪಗಳನ್ನೆಲ್ಲ ತೊಳೆದು, ಸಾಲಾಗಿಟ್ಟು ಪೂಜಿಸುತ್ತಾರೆ. ಮೈಸೂರು ಕಡೆಯವರ ಮನೆಯಲ್ಲಿ ಭೀಮನ ಅಮಾವಾಸ್ಯೆಯ ದೀಪಸ್ತಂಭ. ಕತ್ತಲೆ ಹೆಚ್ಚಿರುವ ತಿಂಗಳಿಗೆ ಒಬ್ಬರು ಕಹಿಯಿಂದ ಉತ್ತರ ಕೊಟ್ಟರೆ ಇನ್ನೊಬ್ಬರು ಬೆಳಕಿನಿಂದ. (ಶ್ರಾವಣಕ್ಕೆ ಮುಂಚೆ ಕೊನೆಯ ಕೋಳಿ, ಕೊನೆಯ ಗ್ಲಾಸು ಎಂದು 'ಗಟಾರಿ' ಆಚರಿಸುವವರದು ಮೂರನೆಯ ಪಂಥ, ಅವರ ಸಂಖ್ಯೆಯೇನೂ ಕಡಿಮೆಯಲ್ಲ.)

ಅಂದ ಮೇಲೆ ಊರಿನಿಂದ ಬಸ್ಸಿನಲ್ಲಿ ತಜಂಕ್ ಸೊಪ್ಪಿನ ಕಟ್ಟು ಬರಲಿ ಎಂದು ಕಾಯುವುದೇಕೆ? ಮಳೆ ಹಿಡಿದ ಎರಡು ವಾರಕ್ಕೆ ಕಲ್ಯಾಣ್, ಡೊಂಬಿವಲಿ ಸ್ಟೇಷನ್ನಿನ ಹೊರಗೆ ಮುರಬಾಡ, ಶಹಾಪುರ, ಕರ್ಜತ್ ಕಡೆಯ ಆದಿವಾಸಿ ಹೆಂಗಸರು ಗೋಣಿ ಹಾಸಿ ರಾನ್‌ಭಾಜಿ ಮಾರಲು ಕೂರುತ್ತಾರೆ. ಅವರ 'ಟಾಕಳಾ' ನಮ್ಮ ತಜಂಕ್, ಊರಿನ ಚಗಟೆ ಸೊಪ್ಪು. 'ಆಳು' ಎಂದರೆ ಕೆಸು. ಬಿದಿರಿನ ಕಳಲೆಯೂ ಅವರ ಹತ್ತಿರವೇ ಇದೆ. ಹೊಲವಿಲ್ಲದ ನಮಗೆ ಪಂಚಾಂಗದಷ್ಟೇ ಖಚಿತವಾಗಿ ಋತುವನ್ನು ತಂದುಕೊಡುವವರು ಈ ಹೆಂಗಸರು. ಕೆಲವೇ ವಾರ, ಆಮೇಲೆ ಆ ಗೋಣಿಯ ಮೇಲೆ ಬೇರೆಯದೇ ಇರುತ್ತದೆ. ವರ್ಷವಿಡೀ ಎಲ್ಲವೂ ಸಿಗುವ ಮಾಲ್‌ನಲ್ಲಿ ಕಾಯುವ ಅಭ್ಯಾಸವೇ ತಪ್ಪಿಹೋಗುತ್ತದೆ, ಕಾಯದವನಿಗೆ ವ್ರತವೆಲ್ಲಿಯದು?

ಆಟಿಯ ಭಯವೂ ಇಲ್ಲಿ ಸುಳ್ಳಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ಉಲ್ಹಾಸ್ ನದಿ ಬದಲಾಪುರ, ಕಲ್ಯಾಣ್‌ಗಳ ಮನೆಗಳಿಗೆ ನುಗ್ಗಿತು. 2019ರ ಜುಲೈ 27ರಂದು ಅದೇ ನದಿಯ ನೆರೆ ಬದಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನು ತಡೆದು ನಿಲ್ಲಿಸಿತು, ಸುಮಾರು 1,050 ಪ್ರಯಾಣಿಕರನ್ನು ರಕ್ಷಿಸಬೇಕಾಯಿತು. ಎರಡೂ ಆಟಿಯ ದಿನಗಳು. ನೇತ್ರಾವತಿ ಹುಟ್ಟುವ ಸಹ್ಯಾದ್ರಿಯಲ್ಲೇ ಉಲ್ಹಾಸ್ ಕೂಡ ಹುಟ್ಟುತ್ತದೆ. ಆಟಿಯಲ್ಲಿ ಹೊಳೆ ದಾಟಬೇಡ ಎನ್ನುತ್ತಿದ್ದ ಅಜ್ಜಿ ಇಲ್ಲಿದ್ದಿದ್ದರೆ ಲೋಕಲ್ ಹತ್ತಬೇಡ ಎನ್ನುತ್ತಿದ್ದರೇನೋ.

ಶ್ರಾವಣ ಹುಣ್ಣಿಮೆಗೆ ಥಾಣೆಯ ಚೆಂದನಿ ಕೋಳಿವಾಡದ ಕೋಳಿಗಳು ನೀರಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಊರಿನ ಕಡಲ ತೀರದಲ್ಲಿ ಮೊಗವೀರರ ಸಮುದ್ರಪೂಜೆಯೂ ಇದೇ ಮಳೆಗಾಲದ್ದು. ಎರಡು ರಾಜ್ಯ, ಒಂದೇ ಕಡಲು, ಒಂದೇ ಪ್ರಾರ್ಥನೆ: ಇನ್ನು ಸಿಟ್ಟು ಇಳಿಸು, ದೋಣಿಗೆ ದಾರಿ ಬಿಡು.

ಇನ್ನು ಆ ಪಾಲೆ ಮರ. ಮರಾಠಿಯಲ್ಲಿ ಅದು 'ಸಾತವೀಣ'. ಸಪ್ತಪರ್ಣಿ ಎಂಬ ಹೆಸರಿನಲ್ಲಿ ಥಾಣೆ, ನವಿ ಮುಂಬಯಿಯ ರಸ್ತೆ ಬದಿಯಲ್ಲಿ, ಸೊಸೈಟಿಗಳ ಗೇಟಿನ ಬಳಿ ಧಾರಾಳವಾಗಿ ನೆಟ್ಟಿದ್ದಾರೆ. ಹಿಂದೆ ಮಕ್ಕಳು ಬರೆಯುವ ಹಲಗೆಗೆ ಇದರ ಮರ ಬಳಕೆಯಾಗುತ್ತಿದ್ದುದರಿಂದ ಸಸ್ಯಶಾಸ್ತ್ರಜ್ಞರು ಇದಕ್ಕೆ 'ಸ್ಕಾಲರಿಸ್' ಎಂದು ಹೆಸರಿಟ್ಟರು. ಇಲ್ಲಿ ತೊಗಟೆ ಕೀಳಲು ಹೋಗುವುದು ಬೇಡ. ಬೀದಿಯ ಮರಕ್ಕೆ ಗಾಯ, ಜೊತೆಗೆ ಗುರುತು ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಅಪಾಯ. ಅಕ್ಟೋಬರಿನ ಸೆಖೆಯಲ್ಲಿ ಸಂಜೆಯಾದ ಮೇಲೆ ಇದು ಹೂ ಬಿಟ್ಟಾಗ ಇಡೀ ಓಣಿಗೆ ಅಮಲಿನ ಪರಿಮಳ, ಕೆಲವರಿಗೆ ತಲೆನೋವು. ಮರವನ್ನು ಮಕ್ಕಳಿಗೆ ತೋರಿಸಲು ಅದೇ ಸರಿಯಾದ ಸಮಯ. ಒಂದು ಗಂಟಿನಲ್ಲಿ ಸುಮಾರು ಏಳು ಎಲೆ, ಚಿವುಟಿದರೆ ಬಿಳಿ ಹಾಲು.