ಸೂಚಕ ದೀಪ ಹೇಳುವುದು ನಿಜವೇ?

ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಪಂಪುಸೆಟ್ಟಿನ ಶೆಡ್ಡನ್ನು ಹೊಕ್ಕು ನೋಡಿದರೆ, ಗೋಡೆಗೆ ಬಿಗಿದ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಕೆಂಪು, ಹಳದಿ, ನೀಲಿ ಬಣ್ಣದ ಮೂರು ಚಿಕ್ಕ ದೀಪಗಳು ಕಾಣುವುದುಂಟು. ಮೂರು ಫೇಸುಗಳಲ್ಲಿಯೂ ಕರೆಂಟು ಬಂದಿದೆಯೇ ಎಂಬುದನ್ನು ರೈತನು ಇವುಗಳಿಂದಲೇ ತಿಳಿಯುತ್ತಾನೆ. ಒಂದು ದೀಪ ಉರಿಯದಿದ್ದರೂ ಅವನು ಮೋಟರನ್ನು ಚಾಲೂ ಮಾಡುವುದಿಲ್ಲ. ಎರಡೇ ಫೇಸಿನ ಮೇಲೆ ಮೋಟರು ಎಳೆದರೆ ಅದರ ಸುರುಳಿ ಕಾದು ಸುಟ್ಟುಹೋಗುವುದೆಂಬುದನ್ನು ಅವನು ಬಲ್ಲ. ಕುರುಗೋಡಿನ ಅಂಗಡಿಯಾತನು ಇಂಟರ್ನೆಟ್ ಪೆಟ್ಟಿಗೆಯ ಹಸುರು ದೀಪವನ್ನು ನೋಡಿ, ಗಿರಾಕಿಯ ಹಣ ಮೊಬೈಲಿನ ಮೂಲಕ ಬಂದೀತೆಂದು ಧೈರ್ಯ ತಾಳುತ್ತಾನೆ. ಬಳ್ಳಾರಿಯ ಕಾಲೇಜಿನ ವಿದ್ಯಾರ್ಥಿಯು ಕೀಲಿಮಣೆಯ ಪುಟ್ಟ ದೀಪವನ್ನು ನೋಡಿ, ಇಂಗ್ಲಿಷಿನ ದೊಡ್ಡಕ್ಷರಗಳ ಕೀಲಿ ಒತ್ತಿದೆಯೆಂದು ತಿಳಿಯುತ್ತಾನೆ. ಮೂವರೂ ದೀಪವನ್ನು ನಂಬುತ್ತಾರೆ. ಈ ನಂಬಿಕೆಗೆ ಆಧಾರವೇನು?

ಪಂಪುಸೆಟ್ಟಿನ ದೀಪಕ್ಕೂ ಉಳಿದೆರಡು ದೀಪಗಳಿಗೂ ಒಂದು ಮುಖ್ಯ ಭೇದವಿದೆ. ಮೊದಲನೆಯದು ಫೇಸಿನ ತಂತಿಗೇ ಸೇರಿದೆ. ತನ್ನ ಎರಡು ತುದಿಗಳ ನಡುವೆ ವೋಲ್ಟೇಜು ಇದ್ದರೆ ಉರಿಯುತ್ತದೆ, ಇಲ್ಲದಿದ್ದರೆ ಆರುತ್ತದೆ. ಅದು ಸಹ ಅದಕ್ಕಿಂತ ಹೆಚ್ಚೇನನ್ನೂ ಹೇಳಲಾರದು. ಮೋಟರು ಓಡುತ್ತಿರುವಾಗ ಲೈನಿನಲ್ಲಿ ಒಂದು ಫೇಸು ಕಡಿದುಹೋದರೆ, ಓಡುವ ಮೋಟರೇ ಆ ತಂತಿಯಲ್ಲಿ ವೋಲ್ಟೇಜನ್ನು ಹುಟ್ಟಿಸಿ ದೀಪವನ್ನು ಉರಿಸುತ್ತಿರಬಹುದು. ಆದರೂ ಇಲ್ಲಿ ದೀಪಕ್ಕೂ ಕರೆಂಟಿಗೂ ನಡುವೆ ಮಧ್ಯಸ್ಥರಿಲ್ಲ. ಉಳಿದೆರಡು ದೀಪಗಳ ಹಿಂದೆ ಒಬ್ಬ ಮಧ್ಯಸ್ಥನಿದ್ದಾನೆ. ಅದು ಗಣಕದ ಕ್ರಮವಿಧಿ, ಎಂದರೆ ಪ್ರೋಗ್ರಾಂ. ಅದು ‘ಉರಿ’ ಎಂದರೆ ದೀಪ ಉರಿಯುತ್ತದೆ, ನಿಜಸ್ಥಿತಿ ಏನೇ ಇರಲಿ.

ಇದನ್ನು ವಿದ್ಯಾರ್ಥಿಗಳು ಸ್ವತಃ ಪರೀಕ್ಷಿಸಿ ನೋಡಬಹುದು. ಲಿನಕ್ಸ್ ಇರುವ ಗಣಕದಲ್ಲಿ ‘ಸಿಸ್’ ಎಂಬ ಕಡತಕೋಶದೊಳಗಿನ ‘ಕ್ಲಾಸ್’ನಲ್ಲಿ ‘ಲೆಡ್ಸ್’ ಎಂಬ ಭಾಗವಿರುತ್ತದೆ. ಆ ಯಂತ್ರದಲ್ಲಿ ಲಿನಕ್ಸ್‌ಗೆ ಪರಿಚಯವಿರುವ ಸೂಚಕ ದೀಪಗಳೆಲ್ಲ ಅಲ್ಲಿ ಹೆಸರುಹೆಸರಾಗಿ ಕಾಣುತ್ತವೆ. ದೊಡ್ಡಕ್ಷರದ ಕೀಲಿಯ ದೀಪವನ್ನು ಹುಡುಕಿ, ಅದರ ‘ಬ್ರೈಟ್‌ನೆಸ್’ ಎಂಬ ಕಡತದಲ್ಲಿ, ಅಧ್ಯಾಪಕರ ಅನುಮತಿಯಿಂದ ಆಡಳಿತಗಾರನ ಅಧಿಕಾರ ಪಡೆದು, ೧ ಎಂದು ಬರೆದರೆ ದೀಪ ಹೊತ್ತುತ್ತದೆ. ಆದರೆ ಅಕ್ಷರಗಳನ್ನು ಒತ್ತಿ ನೋಡಿದರೆ ಮೂಡುವುದು ಸಣ್ಣಕ್ಷರಗಳೇ! ದೀಪವು ಸುಳ್ಳು ಹೇಳಿತು; ಹೇಳಿಸಿದವರು ನಾವು.

ಇಲ್ಲಿ ನಮ್ಮ ಆಜ್ಞೆಯನ್ನು ದೀಪಕ್ಕೆ ಮುಟ್ಟಿಸಿದ್ದು ಯಾವುದು? ಗಣಕದ ಸ್ಮೃತಿ, ಸಂಸ್ಕಾರಕ, ತಂತಿಗಳು ಇವೆಲ್ಲವನ್ನೂ ಆಳುವ ಒಳತಿರುಳಿನ ಕ್ರಮವಿಧಿಗೆ ಕರ್ನೆಲ್ ಎಂದು ಹೆಸರು. ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೈನಸ್ ಟೊರ್ವಾಲ್ಡ್ಸ್ ಎಂಬವರು ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಇಂತಹದೊಂದು ಕರ್ನೆಲ್. ಆಂಡ್ರಾಯ್ಡ್ ಮೊಬೈಲುಗಳಲ್ಲಿಯೂ ಅನೇಕ ಇಂಟರ್ನೆಟ್ ಪೆಟ್ಟಿಗೆಗಳಲ್ಲಿಯೂ ಕೆಲಸ ಮಾಡುವುದು ಇದೇ. ಒಂದೊಂದು ಜಾತಿಯ ಉಪಕರಣದ ಗುಣವನ್ನು ಬಲ್ಲ, ಕರ್ನೆಲಿನ ಒಂದೊಂದು ಭಾಗಕ್ಕೆ ಡ್ರೈವರ್ ಅಥವಾ ಚಾಲಕವೆನ್ನುತ್ತಾರೆ. ಸೂಚಕ ದೀಪಗಳನ್ನೆಲ್ಲ ಒಂದೇ ಕ್ರಮದಲ್ಲಿ ನಡೆಸುವ ಏರ್ಪಾಡು ಲಿನಕ್ಸ್‌ಗೆ ೨೦೦೬ರಲ್ಲಿ ಬಂದಿತು.

ಹೊಸ ಚಾಲಕವೊಂದನ್ನು ಬರೆದವರು ಅದನ್ನು ತಾವೇ ಲಿನಕ್ಸ್‌ನೊಳಕ್ಕೆ ಸೇರಿಸುವಂತಿಲ್ಲ. ಅದನ್ನು ಬಹಿರಂಗವಾಗಿ ಎಲ್ಲರ ಮುಂದಿಡಬೇಕು. ಆ ವಿಭಾಗದ ಹೊಣೆ ಹೊತ್ತವರೂ ಇತರ ತಜ್ಞರೂ ಅದನ್ನು ಸಾಲು ಸಾಲಾಗಿ ಓದಿ ಪ್ರಶ್ನೆ ಕೇಳುತ್ತಾರೆ. ಬರೆದವರು ತಿದ್ದಿ ಎರಡನೆಯ ಪ್ರತಿ, ಮೂರನೆಯ ಪ್ರತಿ ಎಂದು ಮತ್ತೆ ಒಪ್ಪಿಸುತ್ತಾರೆ. ಒಂದು ದೀಪವನ್ನು ಹೊತ್ತಿಸಿ ಆರಿಸುವುದಕ್ಕೆ ಇಷ್ಟೊಂದು ವಿಮರ್ಶೆಯೇ ಎಂದು ವಾಚಕರಿಗೆ ಅನಿಸಬಹುದು. ಎಂಟು ದೀಪಗಳನ್ನು ಆಳುವ ಒಂದು ಚಿಪ್ಪನ್ನು ಉದಾಹರಣೆಗೆ ತೆಗೆದುಕೊಂಡು, ವಿಮರ್ಶಕರು ಏನನ್ನು ಕೇಳುತ್ತಾರೆಂಬುದನ್ನು ನೋಡೋಣ.

ಮೊದಲನೆಯ ಪ್ರಶ್ನೆ: ಚಾಲಕವು ಕಾಯಬಾರದ ಹೊತ್ತಿನಲ್ಲಿ ಕಾಯುತ್ತದೆಯೇ? ಸಂಸ್ಕಾರಕವು ಇಂತಹ ಚಿಪ್ಪಿಗೆ ಸಾಮಾನ್ಯವಾಗಿ ಎರಡು ತಂತಿಗಳ ಮೂಲಕ ಆಜ್ಞೆ ಕಳಿಸುತ್ತದೆ. ಚಿಪ್ಪಿನ ವಿಳಾಸ, ಅದರೊಳಗಿನ ಕೋಷ್ಠದ ಸಂಖ್ಯೆ, ತುಂಬಬೇಕಾದ ಬೆಲೆ, ಹೀಗೆ ಮೂರು ಬೈಟುಗಳು. ಒಂದೊಂದಕ್ಕೂ ಒಂದು ಒಪ್ಪಿಗೆಯ ಬಿಟ್ಟು ಸೇರಿ ಒಟ್ಟು ೨೭ ಬಿಟ್ಟುಗಳು. ಸೆಕೆಂಡಿಗೆ ಒಂದು ಲಕ್ಷ ಬಿಟ್ಟಿನ ವೇಗದಲ್ಲಿ ಇದಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ೨೭೦ ಭಾಗ ಹಿಡಿಯುತ್ತದೆ. ನಮಗೆ ಇದು ಕಣ್ಣೆವೆ ಇಕ್ಕುವಷ್ಟೂ ಅಲ್ಲ. ಆದರೆ ಸೆಕೆಂಡಿಗೆ ನೂರು ಕೋಟಿ ಸಲ ಮಿಡಿಯುವ ಸಂಸ್ಕಾರಕಕ್ಕೆ ಅದು ೨,೭೦,೦೦೦ ಮಿಡಿತಗಳ ಕಾಲ. ಅಷ್ಟು ಹೊತ್ತು ಸುಮ್ಮನಿರುವ ಬದಲು ಚಾಲಕವು ನಿದ್ರಿಸಿ, ಸಂಸ್ಕಾರಕವನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡುತ್ತದೆ. ಇದು ಸರಿಯೇ. ಆದರೆ ಕಾಲಗಣಕದ ಎಣಿಕೆ ಮುಗಿದೊಡನೆ ಕರ್ನೆಲ್ ಮಾಡುವಂತಹ ತುರ್ತು ಕೆಲಸಗಳ ನಡುವೆ ನಿದ್ರೆಗೆ ಅವಕಾಶವಿಲ್ಲ. ರೈಲು ಬರುವಾಗ ಗೇಟು ಹಾಕಲು ಓಡುವವನು ನಡುದಾರಿಯಲ್ಲಿ ಯಾರಿಗೋ ಕಾದು ಕುಳಿತರೆ ಹೇಗೋ ಹಾಗೆ. ಆದುದರಿಂದ ದೀಪದ ಚಾಲಕವು ತಾನು ನಿದ್ರಿಸುವಂತಹದೋ ಅಲ್ಲವೋ ಎಂಬುದನ್ನು ಮೊದಲೇ ಹೇಳಿಕೊಳ್ಳಬೇಕು. ನಿದ್ರಿಸುವಂತಹದಾದರೆ ಕರ್ನೆಲ್ ಆ ಆಜ್ಞೆಯನ್ನು ಬಿಡುವಿನ ಕೆಲಸಗಳ ಸಾಲಿಗೆ ಸೇರಿಸಿ ಆಮೇಲೆ ನಡೆಸುತ್ತದೆ.

ಎರಡನೆಯದು: ಇಬ್ಬರು ಒಮ್ಮೆಗೇ ಬಂದರೆ ಏನಾಗುವುದು? ಎಂಟು ದೀಪಗಳ ಸ್ಥಿತಿಯೂ ಒಂದೇ ಕೋಷ್ಠದ ಎಂಟು ಬಿಟ್ಟುಗಳಲ್ಲಿದೆಯೆನ್ನೋಣ. ಮೊದಲನೆಯ ದೀಪ ಹೊತ್ತಿಸಬೇಕಾದವನು ಕೋಷ್ಠವನ್ನು ಓದುತ್ತಾನೆ: ೦೦೦೦೦೦೦೦. ಅಷ್ಟರಲ್ಲಿ ಎರಡನೆಯ ದೀಪ ಹೊತ್ತಿಸಬೇಕಾದವನೂ ಅದನ್ನೇ ಓದುತ್ತಾನೆ. ಮೊದಲಿಗನು ೦೦೦೦೦೦೦೧ ಎಂದು ಬರೆಯುತ್ತಾನೆ. ಎರಡನೆಯವನು ಅದರ ಮೇಲೆ ೦೦೦೦೦೦೧೦ ಎಂದು ಬರೆಯುತ್ತಾನೆ. ಹೊತ್ತಿದ ಮೊದಲ ದೀಪ ಆರಿಹೋಯಿತು! ಆರಿಸಿದವರು ಯಾರೂ ಇಲ್ಲ. ಓದಿ, ತಿದ್ದಿ, ಬರೆಯುವ ತನಕ ಬೇರೆಯವರು ಬರದಂತೆ ಬೀಗ ಹಾಕಿಕೊಳ್ಳುವುದೇ ಇದಕ್ಕೆ ಪರಿಹಾರ. ಬೀಗವಿಲ್ಲದ ಚಾಲಕವು ನೂರು ಸಲ ಪರೀಕ್ಷಿಸಿದರೂ ಸರಿಯಾಗಿಯೇ ತೋರಬಹುದು. ತಪ್ಪು ಸಿಕ್ಕುವುದು ಓದಿ ಯೋಚಿಸಿದವರಿಗೆ.

ಮೂರನೆಯದು: ಆಜ್ಞೆ ತಲಪದಿದ್ದರೆ? ತಂತಿ ಸಡಿಲಾಗಿ ಚಿಪ್ಪು ಒಪ್ಪಿಗೆ ಕೊಡದೆ ಹೋದರೆ ಚಾಲಕವು ಆ ಸೋಲನ್ನು ಮೇಲಕ್ಕೆ ತಿಳಿಸಬೇಕು. ತಿಳಿಸದೆ ನುಂಗಿಕೊಂಡರೆ, ಕಡತದಲ್ಲಿ ‘ಉರಿಯುತ್ತಿದೆ’ ಎಂದಿರುತ್ತದೆ, ಪೆಟ್ಟಿಗೆಯ ಮೇಲೆ ಕತ್ತಲೆಯಿರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಅಪಾಯದ್ದು. ಈ ಯಂತ್ರದಲ್ಲಿ ಯಾವ ಯಾವ ದೀಪಗಳಿವೆಯೆಂಬ ವಿವರಣೆಯನ್ನು ಚಾಲಕವು ಹೊರಗಿನಿಂದ ಓದಿಕೊಳ್ಳುತ್ತದೆ. ಎಂಟೇ ದೀಪಗಳಿರುವಲ್ಲಿ ವಿವರಣೆಯು ತಪ್ಪಾಗಿ ಒಂಬತ್ತನೆಯ ದೀಪವೆಂದರೆ, ಅದನ್ನು ಪರೀಕ್ಷಿಸದ ಚಾಲಕವು ತನ್ನದಲ್ಲದ ಸ್ಮೃತಿಯ ಜಾಗದಲ್ಲಿ ಬರೆದುಬಿಡುತ್ತದೆ. ಸಾಮಾನ್ಯ ಕ್ರಮವಿಧಿ ಹೀಗೆ ಗೆರೆ ದಾಟಿದರೆ ಕರ್ನೆಲ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಚಾಲಕವು ಕರ್ನೆಲಿನದೇ ಭಾಗವಾದುದರಿಂದ ಅದನ್ನು ಹಿಡಿಯುವವರಿಲ್ಲ. ಗುಲಗಂಜಿಯಷ್ಟು ದೀಪದ ದೆಸೆಯಿಂದ ಇಡೀ ಯಂತ್ರವೇ ನಿಲ್ಲಬಹುದು. ದೀಪದ ಚಾಲಕವೆಂದು ವಿಮರ್ಶೆಯಲ್ಲಿ ರಿಯಾಯಿತಿ ತೋರದಿರುವುದಕ್ಕೆ ಇದೇ ಮುಖ್ಯ ಕಾರಣ.

ಇಷ್ಟೆಲ್ಲ ಸರಿಯಾದ ಮೇಲೂ ಒಂದು ಮಾತು ಉಳಿಯುತ್ತದೆ. ‘ಉರಿ’ ಎಂಬ ಆಜ್ಞೆ ಪಡೆದ ಚಿಪ್ಪು, ಮುಂದಿನ ಆಜ್ಞೆ ಬರುವ ತನಕ ದೀಪವನ್ನು ಉರಿಸುತ್ತಲೇ ಇರುತ್ತದೆ. ಆಜ್ಞೆ ಕೊಟ್ಟ ಗಣಕವು ಮರುಕ್ಷಣದಲ್ಲಿ ಸ್ತಬ್ಧವಾದರೂ ಅದಕ್ಕೆ ತಿಳಿಯದು. ನಿಶ್ಚಲವಾಗಿ ಉರಿಯುವ ದೀಪವು ಹಿಂದೊಮ್ಮೆ ಸರಿಯಿತ್ತೆಂದು ಹೇಳುತ್ತದೆಯೇ ಹೊರತು ಈಗ ಸರಿಯಿದೆಯೆಂದಲ್ಲ. ಇದಕ್ಕೆ ಲಿನಕ್ಸ್‌ನಲ್ಲಿ ಸೊಗಸಾದ ಉಪಾಯವಿದೆ. ಅದರ ಹೆಸರು ‘ಹಾರ್ಟ್‌ಬೀಟ್’, ಎಂದರೆ ಎದೆಬಡಿತ. ದೀಪವು ಎದೆ ಬಡಿದಂತೆ ಎರಡೆರಡು ಸಲ ಮಿನುಗಿ ಕ್ಷಣ ಹೊತ್ತು ಆರುತ್ತದೆ. ಕೆಲಸವಿಲ್ಲದಾಗ ಸುಮಾರು ೧.೨೬ ಸೆಕೆಂಡಿಗೊಮ್ಮೆ ಬಡಿಯುವ ಇದು, ಕೆಲಸದ ಹೊರೆ ಏರಿದಂತೆ ಬೇಗ ಬೇಗನೆ ಬಡಿಯುತ್ತದೆ. ವಿದ್ಯಾರ್ಥಿಗಳು ಪ್ರಯೋಗಕ್ಕೆ ಬಳಸುವ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಅಂಗೈಯಗಲದ ಗಣಕದ ನಾಲ್ಕು ದೀಪಗಳಲ್ಲಿ ಮೊದಲನೆಯದನ್ನು ಇದಕ್ಕೇ ಮೀಸಲಿಟ್ಟಿದ್ದಾರೆ. ಪ್ರತಿ ಬಡಿತಕ್ಕೂ ಕರ್ನೆಲ್ ಹೊಸದಾಗಿ ಆಜ್ಞೆ ಕೊಡಬೇಕು. ಕರ್ನೆಲ್ ನಿಂತರೆ ಬಡಿತವೂ ನಿಲ್ಲುತ್ತದೆ. ಆದುದರಿಂದ ಇದು ಸುಮ್ಮನೆ ಉರಿಯುವ ದೀಪಕ್ಕಿಂತ ಹೆಚ್ಚು ನಂಬತಕ್ಕದ್ದು. ಆದರೂ ಅದು ಸಾಕ್ಷಿ ಹೇಳುವುದು ಕರ್ನೆಲಿನ ವಿಷಯಕ್ಕೆ ಮಾತ್ರ. ಇಂಟರ್ನೆಟ್ ಬರುತ್ತಿದೆಯೇ ಎಂಬುದನ್ನು ಅದು ಬಲ್ಲದು ಎನ್ನುವಂತಿಲ್ಲ.

ಲಿನಕ್ಸ್‌ನ ಮೂಲಲಿಪಿಯು ಯಾರು ಬೇಕಾದರೂ ಓದಲು ತೆರೆದಿದೆ. ದೀಪಗಳ ಚಾಲಕಗಳಲ್ಲಿ ಅನೇಕವು ಕೆಲವು ನೂರು ಸಾಲುಗಳಷ್ಟೇ. ಸಿ ಭಾಷೆಯನ್ನು ಕಲಿತ ಬಳ್ಳಾರಿಯ ವಿದ್ಯಾರ್ಥಿಯು ಅವುಗಳಲ್ಲೊಂದನ್ನು ಎದುರಿಗಿಟ್ಟುಕೊಂಡು ಮೇಲಿನ ನಾಲ್ಕು ಪ್ರಶ್ನೆಗಳನ್ನು ಕೇಳುತ್ತ ಓದಬಹುದು. ಎಲ್ಲಾದರೂ ಉತ್ತರ ದೊರೆಯದಿದ್ದರೆ ಆ ಸಾಲಿನ ಬಳಿ ನಿಲ್ಲಬೇಕು. ತಿಳಿಯದೆ ಹೋದುದು ನಮ್ಮ ಕೊರತೆಯಾಗಿರಬಹುದು. ಒಮ್ಮೊಮ್ಮೆ ಚಾಲಕದ್ದೂ ಆಗಿರಬಹುದು.